ಲ್ಯಾಪ್‌ಟಾಪ್ ರಿಪೇರಿಗೆ ಕೊಡಬೇಕು, ಒಳಗೆ ಅಪ್ಪನ ತಾಳಮದ್ದಳೆ ಇದೆ: ಏನು ಮಾಡಲಿ?

ಪ್ರಶ್ನೆ: ನಾನು ಬ್ರಹ್ಮಾವರ ಸಮೀಪದ ನಿವೃತ್ತ ಶಿಕ್ಷಕಿ. ತೀರಿಹೋದ ನನ್ನ ತಂದೆ ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ) ಅರ್ಥ, ಅಂದರೆ ಪಾತ್ರದ ಮಾತು ಹೇಳುತ್ತಿದ್ದರು. ಅವರ ಕೂಟಗಳ 84 ಕ್ಯಾಸೆಟ್‌ಗಳನ್ನು ಎರಡು ವರ್ಷ ಕೂತು ಲ್ಯಾಪ್‌ಟಾಪಿಗೆ ಇಳಿಸಿದ್ದೇನೆ. ಅವರ ಟಿಪ್ಪಣಿ ಪುಸ್ತಕಗಳನ್ನೂ ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇನೆ. ಲ್ಯಾಪ್‌ಟಾಪಿಗೆ ಆರು ವರ್ಷ. ಈಗ ತುಂಬಾ ನಿಧಾನ, ನಡುನಡುವೆ ಟಕ್ ಟಕ್ ಎಂಬ ಸದ್ದು ಬರುತ್ತದೆ. ಉಡುಪಿಯ ಅಂಗಡಿಯವರು ‘ಹೊಸ ವಿಂಡೋಸ್ ಹಾಕಬೇಕು, ಡಿ ಡ್ರೈವಲ್ಲಿ ಇದ್ದದ್ದು ಹೋಗ್ಲಿಕ್ಕಿಲ್ಲ’ ಎಂದರು. ಮಸ್ಕತ್‌ನಲ್ಲಿರುವ ಮಗ ‘ಇಡೀ ಡಿಸ್ಕಿನ ಇಮೇಜ್ ತೆಗಿ’ ಎನ್ನುತ್ತಾನೆ, ಅಕ್ಕನ ಮಗ ‘ಕ್ಲೌಡ್‌ಗೆ ಹಾಕಿ’ ಎನ್ನುತ್ತಾನೆ. ಬ್ಯಾಂಕಿನ ಕಾಗದ, ಮೊಮ್ಮಕ್ಕಳ ಫೋಟೊ ಎಲ್ಲ ಅದರಲ್ಲೇ ಇರುವುದರಿಂದ ಕೊಡಲಿಕ್ಕೂ ಹೆದರಿಕೆ. ಇನ್ನೊಂದು: ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ, ಬಿಸಾಡಬಹುದೇ?

ಉತ್ತರ: ಟೀಚರೇ, ಮೊದಲು ಲ್ಯಾಪ್‌ಟಾಪನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಇದನ್ನು ಪೂರ್ತಿ ಓದಿ, ಬೇಕಾದ ಸಾಮಾನು ತಂದಿಟ್ಟುಕೊಂಡ ಮೇಲೆಯೇ ಮತ್ತೆ ಆನ್ ಮಾಡಿ. ಆ ಟಕ್ ಟಕ್ ಸದ್ದು ಇಲ್ಲದಿದ್ದರೆ ನಾನು ಇಷ್ಟು ಅವಸರಪಡಿಸುತ್ತಿರಲಿಲ್ಲ. ಕಂಪ್ಯೂಟರ್ ಬರೀ ನಿಧಾನವಾಗಲು ನೂರು ಕಾರಣ ಇರಬಹುದು. ಆದರೆ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುವುದಕ್ಕೆ ಇರುವ ಕಾರಣಗಳು ಕಡಿಮೆ, ಅವುಗಳಲ್ಲಿ ಹೆಚ್ಚಿನವು ಒಳ್ಳೆಯವಲ್ಲ.

ಆ ಡಬ್ಬಿಯ ಒಳಗೆ ಕನ್ನಡಿಯಂಥ ತಟ್ಟೆಗಳಿವೆ. ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ತಲೆ ಅದಕ್ಕೆ ತಾಗದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಕೂದಲು ಒಂದರ ದಪ್ಪವೇ ಸುಮಾರು 75,000 ನ್ಯಾನೊಮೀಟರ್ ಎಂದರೆ ಆ ಅಂತರ ಎಷ್ಟು ಸಣ್ಣದೆಂದು ನೀವೇ ಅಂದಾಜು ಮಾಡಿ. ಒಂದು ಜಾಗವನ್ನು ಓದಲಾಗದಿದ್ದಾಗ ಆ ತಲೆ ಹಿಂದಕ್ಕೆ ತನ್ನ ಜಾಗಕ್ಕೆ ಹೋಗಿ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ನಿಮಗೆ ಕೇಳಿಸುವುದು ಆ ಓಡಾಟದ ಸದ್ದು. ಇಂಥ ಡಿಸ್ಕಿನಲ್ಲಿ ಇನ್ನೆಷ್ಟು ಗಂಟೆಯ ಆಯುಷ್ಯ ಉಳಿದಿದೆ ಎಂದು ಯಾರೂ ಹೇಳಲಾರರು. ಉಳಿದಷ್ಟು ಗಂಟೆಗಳನ್ನು ನಿಮ್ಮ ತಂದೆಯವರ ದನಿಗೆ ಮೀಸಲಿಡಿ. ವೈರಸ್ ಸ್ಕ್ಯಾನ್, ಡಿಫ್ರಾಗ್, ಚೆಕ್ ಡಿಸ್ಕ್ ಯಾವುದನ್ನೂ ಈಗ ಓಡಿಸಬೇಡಿ. ಅವೆಲ್ಲ ಡಿಸ್ಕನ್ನು ಮೂಲೆ ಮೂಲೆಗೂ ಓಡಿಸಿ ದಣಿಸುತ್ತವೆ. ಚೆಕ್ ಡಿಸ್ಕ್ ಅಂತೂ ‘ದುರಸ್ತಿ’ ಮಾಡುವ ಭರದಲ್ಲಿ ಫೈಲುಗಳನ್ನು ತುಂಡರಿಸಿಬಿಡುವುದೂ ಉಂಟು.

ಅಂಗಡಿಯವರು ಹೇಳಿದ ಡಿ ಡ್ರೈವ್ ವಿಷಯಕ್ಕೆ ಬರುತ್ತೇನೆ. ಅವರು ಸುಳ್ಳು ಹೇಳಿಲ್ಲ. ವಿಂಡೋಸ್ ಹಾಕುವಾಗ ಅಳಿಸುವುದು ಸಿ ಡ್ರೈವನ್ನು, ಡಿ ಹಾಗೇ ಉಳಿಯುತ್ತದೆ. ಆದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿ ಮತ್ತು ಡಿ ಎರಡು ಡಿಸ್ಕ್ ಅಲ್ಲ. ಒಂದೇ ಡಿಸ್ಕಿನಲ್ಲಿ ಗೆರೆ ಎಳೆದು ಮಾಡಿದ ಎರಡು ಕೋಣೆ. ಡಿಸ್ಕೇ ಕೈಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ‘ಡಿಯಲ್ಲಿ ಹಾಕಿಟ್ಟಿದ್ದೇನೆ’ ಎನ್ನುವುದನ್ನು ಬ್ಯಾಕಪ್ ಎಂದು ನಂಬಿ ಕಳೆದುಕೊಂಡವರನ್ನು ನಾನು ಮಂಗಳೂರಿನಲ್ಲಿ ರಿಪೇರಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಅದರಲ್ಲಿ ಒಬ್ಬನನ್ನು ಇವತ್ತಿಗೂ ಮರೆಯಲಾಗಿಲ್ಲ, ಯಾಕೆಂದರೆ ಅಳಿಸಿದ ಕೈ ನನ್ನದೇ. ಆಗ ಕಂಕನಾಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಲ್ಯಾಪ್‌ಟಾಪ್ ತಂದು, ‘ಸರ್, ಮುಖ್ಯದ್ದೆಲ್ಲ ಡಿಯಲ್ಲಿ ಉಂಟು, ಸಿ ಫಾರ್ಮ್ಯಾಟ್ ಮಾಡಿ’ ಎಂದ. ಮಾಡಿದೆ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. ಅವನ ಪ್ರಾಜೆಕ್ಟ್ ರಿಪೋರ್ಟ್ ಡೆಸ್ಕ್‌ಟಾಪಿನ ಮೇಲಿತ್ತು. ಕಣ್ಣೆದುರಿಗೇ ಇರುವ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನೊಳಗೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಅಳಿದ ಫೈಲು ಹುಡುಕುವ ಸಾಫ್ಟ್‌ವೇರ್ ಹಾಕಿ ಸಂಜೆವರೆಗೆ ಕೂತೆವು. ಅವನು ಬೆಂಚಿನ ಮೇಲೆ ಕೂತು ಅಧ್ಯಾಯಗಳ ಹೆಸರು ಒಂದೊಂದಾಗಿ ಹೇಳುವುದು, ನಾನು ಹುಡುಕುವುದು. ಎರಡು ಅಧ್ಯಾಯ ಸಿಕ್ಕಿತು, ಉಳಿದವುಗಳ ಜಾಗದಲ್ಲಿ ಹೊಸ ವಿಂಡೋಸಿನ ಫೈಲುಗಳು ಕೂತಾಗಿತ್ತು. ಅವತ್ತಿನಿಂದ ಯಾರೇ ಲ್ಯಾಪ್‌ಟಾಪ್ ತಂದರೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಅವರ ಎದುರೇ ತೆರೆದು ತೋರಿಸಿ, ‘ಇದು ಬೇಕಾ?’ ಎಂದು ಬಾಯಿಬಿಟ್ಟು ಕೇಳದೆ ಮುಟ್ಟುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ, 1 ಟಿಬಿ ಧಾರಾಳ. ಪೆನ್ ಡ್ರೈವ್ ಸಾಲದು. ವರ್ಷಗಟ್ಟಲೆ ಇಡುವ ವಸ್ತುವೂ ಅದಲ್ಲ, ಕಳೆದುಹೋಗುವುದೂ ಸುಲಭ. ಜೊತೆಗೆ ಬಿಲ್ ತೆಗೆದುಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿ ತೂತುಗಳಲ್ಲಿ ಒಳಗೆ ನೀಲಿ ಬಣ್ಣ ಇದ್ದದ್ದು ಸಾಮಾನ್ಯವಾಗಿ ವೇಗದ್ದು. ಡಿಸ್ಕನ್ನು ಅದಕ್ಕೇ ಚುಚ್ಚಿ.

ನಿಮ್ಮ ರೆಕಾರ್ಡಿಂಗ್ ಎಷ್ಟು ದೊಡ್ಡದೆಂದು ಲೆಕ್ಕ ಹಾಕೋಣ. 84 ಕ್ಯಾಸೆಟ್, ಒಂದೊಂದೂ 90 ನಿಮಿಷದ್ದು ಎಂದುಕೊಂಡರೆ 126 ಗಂಟೆ. ಸಿ.ಡಿ. ಗುಣಮಟ್ಟದ ವೇವ್ ಫೈಲಾಗಿ ಇಳಿಸಿದ್ದರೆ ಗಂಟೆಗೆ ಸುಮಾರು 635 ಎಂಬಿ, ಒಟ್ಟು 80 ಜಿಬಿ. ಆರೋಗ್ಯವಾಗಿರುವ ಡಿಸ್ಕಿನಿಂದ, ವೇಗದ ತೂತಿನ ಮೂಲಕ, ಇದು ಇಪ್ಪತ್ತು ನಿಮಿಷದ ಕೆಲಸ. ಹಳೆಯ ತೂತಿನಲ್ಲಿ ಮುಕ್ಕಾಲು ಗಂಟೆ. ನಿಮ್ಮ ಡಿಸ್ಕಿನಿಂದ ಒಂದು ರಾತ್ರಿಯೇ ಬೇಕಾಗಬಹುದು. ನಡುವೆ ನಿಂತಂತೆ ಕಂಡರೆ ಗಾಬರಿಯಾಗಬೇಡಿ, ಆದರೆ ಒಂದೇ ಫೈಲಿನಲ್ಲಿ ಹತ್ತು ಹದಿನೈದು ನಿಮಿಷ ಸಿಕ್ಕಿಕೊಂಡು ಟಕ್ ಟಕ್ ಎನ್ನುತ್ತಿದ್ದರೆ ಕ್ಯಾನ್ಸಲ್ ಮಾಡಿ, ಆ ಫೈಲು ಬಿಟ್ಟು ಮುಂದಿನದಕ್ಕೆ ಹೋಗಿ.

ಕ್ರಮ ಮುಖ್ಯ. ಮಗನ ಮಾತಿನಂತೆ ಇಡೀ ಡಿಸ್ಕಿನ ಇಮೇಜ್ ತೆಗೆಯುವುದು ಒಳ್ಳೆಯ ಡಿಸ್ಕಿಗೆ ಒಳ್ಳೆಯ ವಿಧಾನ. ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗ್ ಸಮೇತ ಇದ್ದದ್ದು ಇದ್ದ ಹಾಗೆ ಬರುತ್ತದೆ. ಕೆಡುತ್ತಿರುವ ಡಿಸ್ಕಿನಲ್ಲಿ ಸಾಮಾನ್ಯ ಇಮೇಜ್ ಸಾಫ್ಟ್‌ವೇರ್ ಮೊದಲಿನಿಂದ ಕೊನೆವರೆಗೆ ಸಾಲಾಗಿ ಓದಲು ಹೋಗಿ ನಡುವೆ ಒಂದು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಆಗ ನಿಮ್ಮ ಕೈಗೆ ಪೂರ್ತಿ ವಿಂಡೋಸ್ ಸಿಕ್ಕಿ ತಂದೆಯವರ ದನಿ ಸಿಗದೆ ಹೋಗಬಹುದು. ವಿಂಡೋಸ್ ನಾಳೆ ಬೇಕಾದರೂ ಸಿಗುತ್ತದೆ. ಹಾಗಾಗಿ ಮತ್ತೆಲ್ಲೂ ಇಲ್ಲದ್ದು ಮೊದಲು. ನಿಮ್ಮ ವಿಷಯದಲ್ಲಿ ಅದು ನುಡಿಯ ಟಿಪ್ಪಣಿಗಳು. ಗಾತ್ರ ಕೆಲವೇ ಎಂಬಿ ಇರುವುದರಿಂದ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ರೆಕಾರ್ಡಿಂಗ್, ಆಮೇಲೆ ಫೋಟೊ, ಆಮೇಲೆ ಬ್ಯಾಂಕಿನ ಕಾಗದ. ಸಿನಿಮಾ, ಸಾಫ್ಟ್‌ವೇರ್ ಕೊನೆಗೆ, ಡಿಸ್ಕಿಗೆ ಜೀವ ಉಳಿದಿದ್ದರೆ ಮಾತ್ರ.

ಕಾಪಿ ಮಾಡಿ, ಕಟ್ ಮಾಡಬೇಡಿ. 84 ಕ್ಯಾಸೆಟ್‌ಗೆ 84 ಫೋಲ್ಡರ್ ಇದ್ದರೆ ಐದೈದಾಗಿ ಕಳಿಸಿ, ಒಟ್ಟಿಗೆ ಎಳೆದು ಹಾಕಬೇಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬಂದ ಫೋಲ್ಡರಿಗೆ ಒಂದು ಗೆರೆ, ಎರರ್ ಬಂದ ಫೈಲಿನ ಹೆಸರು ಪೂರ್ತಿ ಬರೆಯಿರಿ. ಈ ಪಟ್ಟಿ ಆಮೇಲೆ ಎಷ್ಟು ಬೆಲೆಬಾಳುತ್ತದೆಂದು ಕ್ಯಾಸೆಟ್ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಚಾರ್ಜರ್ ಹಾಕಿರಲಿ, ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ, ಲ್ಯಾಪ್‌ಟಾಪ್ ಹಾಸಿಗೆಯ ಮೇಲಲ್ಲ, ಗಟ್ಟಿ ಮೇಜಿನ ಮೇಲಿರಲಿ. ಡಿಸ್ಕ್ ತಿರುಗುತ್ತಿರುವಾಗ ಎತ್ತಿ ಆಚೀಚೆ ಇಡಬೇಡಿ. ಮತ್ತೆ ನಮ್ಮ ಕರಾವಳಿಯ ಮಾತು: ಆಕಾಶ ಗುಡುಗತೊಡಗಿದರೆ ಕಾಪಿ ಎಷ್ಟೇ ಬಾಕಿ ಇರಲಿ, ನಿಲ್ಲಿಸಿ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳಲ್ಲೂ ಮಳೆ ಬಿಡುವ ಅಕ್ಟೋಬರಿನಲ್ಲೂ ಸಿಡಿಲಿಗೆ ಸುಟ್ಟ ಚಾರ್ಜರ್, ಮದರ್‌ಬೋರ್ಡ್ ಹಿಡಿದುಕೊಂಡು ಬರುವವರ ಸಾಲು ನಮ್ಮಲ್ಲಿ ಪ್ರತಿ ವರ್ಷ ಇರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ನುಡಿಯ ಬಗ್ಗೆ ಒಂದು ಮಾತು, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ನೀವು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಆ ಫೈಲಿನಲ್ಲಿ ನಿಜಕ್ಕೂ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಿದ್ದು ಆ ಫಾಂಟು. ಹೊಸ ವಿಂಡೋಸ್ ಹಾಕಿ, ಫಾಂಟ್ ಹಾಕದೆ ತೆರೆದರೆ ಪುಟ ತುಂಬಾ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಫೈಲೇ ಹಾಳಾಯಿತೆಂದು ಜನ ಅಳಿಸಿದ್ದೂ ಇದೆ. ಅಳಿಸಬೇಡಿ, ಫಾಂಟ್ ಹಾಕಿದ ಕೂಡಲೇ ಸರಿಯಾಗುತ್ತದೆ. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ ಎಲ್ಲವನ್ನೂ ಟಿಪ್ಪಣಿಗಳ ಜೊತೆಗೇ ಕಾಪಿ ಮಾಡಿ. ಸಾಧ್ಯವಾದರೆ ಒಂದೊಂದು ಫೈಲಿನ ಪಿಡಿಎಫ್ ಕೂಡ ಮಾಡಿಸಿಡಿ, ಆದರೆ ಅದು ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿನಲ್ಲಿ. ಮುಂದೆ ಪುರುಸೊತ್ತಿನಲ್ಲಿ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆಗ ಮೊಬೈಲಿನಲ್ಲೂ ಓದಬಹುದು, ಪದ ಹುಡುಕಲೂಬಹುದು.

ಫೈಲಿನ ಚಿತ್ರದ ಪಕ್ಕ ಮೋಡದ ಗುರುತು ಇದೆಯೇ ನೋಡಿ. ಇದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿಲ್ಲ, ಮೈಕ್ರೋಸಾಫ್ಟಿನ ಕ್ಲೌಡ್ ಆದ ಒನ್‌ಡ್ರೈವ್‌ನಲ್ಲಿದೆ. ತೆರೆದರೆ ಮಾತ್ರ ಇಂಟರ್‌ನೆಟ್ಟಿನಿಂದ ಇಳಿಯುತ್ತದೆ. ಅದು ಸುರಕ್ಷಿತವೇ, ಆದರೆ ಆ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್ ನಿಮಗೆ ನೆನಪಿರಬೇಕು. ಹಾಗೆಯೇ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಕಪಾಟಿನಲ್ಲಿಡಿ.

ಇನ್ನು ಬಿಟ್‌ಲಾಕರ್. ಮೈಕ್ರೋಸಾಫ್ಟ್ ಖಾತೆಯಿಂದ ಒಳಬರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ, ಅಥವಾ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದೆ ನಾನಲ್ಲ, ಅದನ್ನು ಮಾಡಿದ ಕಂಪನಿಯವರೂ ತೆರೆಯಲಾರರು. ಮಗನಿಗೆ ಹೇಳಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ನೋಡಿಸಿ, ಕಾಗದದ ಮೇಲೆ ಬರೆದಿಡಿ. ರಿಪೇರಿಯಾದ ಮೇಲೆ ವಿಂಡೋಸ್ 11 ಹಾಕಿಕೊಟ್ಟರೆ (ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಹಾಕಿಕೊಡುವುದೇ ಹೆಚ್ಚು) ಹೊಸ ಬೀಗ, ಹೊಸ ಕೀ ಇರಬಹುದು. ಅದನ್ನೂ ಮತ್ತೊಮ್ಮೆ ನೋಡಿಸಿ.

ಕಾಪಿ ಮುಗಿದು ಹಸಿರು ಪಟ್ಟಿ ತುಂಬಿತೆಂದರೆ ಬ್ಯಾಕಪ್ ಆಯಿತೆಂದಲ್ಲ. ಎಕ್ಸ್‌ಟರ್ನಲ್ ಡಿಸ್ಕನ್ನು ತೆಗೆದು ಅಕ್ಕನ ಮಗನ ಕಂಪ್ಯೂಟರಿಗೆ ಚುಚ್ಚಿ. ಮೂಲ ಫೋಲ್ಡರಿನಲ್ಲಿ ಎಷ್ಟು ಫೈಲು, ಎಷ್ಟು ಜಿಬಿ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿ ಬರೆದುಕೊಂಡದ್ದು ಇಲ್ಲಿಗೆ ತಾಳೆಯಾಗಬೇಕು. ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ಪ್ರತಿ ಕ್ಯಾಸೆಟ್ಟಿನ ಮೊದಲು, ನಡು, ಕೊನೆ ಹತ್ತು ಹತ್ತು ಸೆಕೆಂಡ್ ಕೇಳಿ. ಅರ್ಧ ಮಾತ್ರ ಬಂದ ಫೈಲು ಮೊದಲಲ್ಲಿ ಚೆನ್ನಾಗಿಯೇ ಹಾಡುತ್ತದೆ, ಭಾಗವತರ ಪದ ಮುಗಿದು ಅರ್ಥ ಶುರುವಾಗುವ ಹೊತ್ತಿಗೆ ಮೌನ. ಕೊನೆಯನ್ನು ಕೇಳದೆ ನಂಬಬೇಡಿ. 84ಕ್ಕೂ ಹೀಗೆ ಮಾಡಲು ಒಂದು ಮಧ್ಯಾಹ್ನ ಬೇಕು. ನೀವು ಎರಡು ವರ್ಷ ಕೊಟ್ಟಿದ್ದೀರಿ, ಆ ಮಧ್ಯಾಹ್ನವನ್ನೂ ಕೊಡಿ. ಇದು ಮುಗಿಯುವವರೆಗೆ ಲ್ಯಾಪ್‌ಟಾಪ್ ಅಂಗಡಿಗೆ ಹೋಗಬಾರದು.

ಅಕ್ಕನ ಮಗ ಹೇಳಿದ ಕ್ಲೌಡ್ ಎರಡನೆಯ ಪ್ರತಿಗೆ ಒಳ್ಳೆಯದು, ಮೊದಲನೆಯದಕ್ಕೆ ಅಲ್ಲ. 80 ಜಿಬಿ ಕಳಿಸಲು ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೂ ಒಂಬತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಆ ಡಿಸ್ಕನ್ನು ಓಡಿಸುವುದು ಬೇಡ. ಗೂಗಲ್ ಉಚಿತವಾಗಿ ಕೊಡುವುದೂ 15 ಜಿಬಿ, ಮೈಕ್ರೋಸಾಫ್ಟ್ 5 ಜಿಬಿ. ಆದರೆ ಒಂದು ದಾರಿ ಇದೆ. ತಾಳಮದ್ದಳೆಯಲ್ಲಿ ಹೆಚ್ಚಿನದು ಮಾತು. ಎಕ್ಸ್‌ಟರ್ನಲ್ ಡಿಸ್ಕಿನ ಪ್ರತಿಯಿಂದ 128 ಕಿಲೋಬಿಟ್‌ನ ಎಂಪಿ3 ಮಾಡಿಸಿದರೆ 126 ಗಂಟೆಯೂ ಏಳೂವರೆ ಜಿಬಿಯ ಒಳಗೆ ಬರುತ್ತದೆ. ಇಮೇಲ್, ಫೋಟೊ ಈಗಾಗಲೇ ಜಾಗ ತುಂಬಿಸಿರದಿದ್ದರೆ ಗೂಗಲ್ ಡ್ರೈವಿನ ಉಚಿತ ಜಾಗದಲ್ಲೇ ಹಿಡಿಯುತ್ತದೆ. ಚಂಡೆ ಮದ್ದಳೆಯ ನಾದ ಮೂಲದಷ್ಟು ಚೆನ್ನಾಗಿರಲಿಕ್ಕಿಲ್ಲ, ಅರ್ಥಗಾರಿಕೆ ಸ್ಪಷ್ಟವಾಗಿ ಕೇಳುತ್ತದೆ. ಮಸ್ಕತ್‌ನಲ್ಲಿ ಕೂತ ಮಗನೂ ಅಜ್ಜನ ಮಾತು ಕೇಳಬಹುದು.

ಅಂಗಡಿಗೆ ಕೊಡುವಾಗಿನ ಹೆದರಿಕೆ ತಪ್ಪಲ್ಲ. ರಿಪೇರಿಯವನಾಗಿ ಹೇಳುತ್ತೇನೆ, ಪರದೆ, ಕೀಬೋರ್ಡ್, ಚಾರ್ಜಿಂಗ್ ತೊಂದರೆಗೆ ನಿಮ್ಮ ಡಿಸ್ಕ್ ನಮಗೆ ಬೇಕೇ ಇಲ್ಲ. ‘ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಡಿ, ಉಳಿದದ್ದು ಇಟ್ಟುಕೊಳ್ಳಿ’ ಎಂದು ಯಾರು ಬೇಕಾದರೂ ಕೇಳಬಹುದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಮಾತ್ರ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ. ನಿಮ್ಮದರಲ್ಲಿ ಡಿಸ್ಕನ್ನೇ ಬದಲಿಸಬೇಕು ಎಂದು ನನ್ನ ಅಂದಾಜು. ಹಾಗಿದ್ದರೆ ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ ಹಾಕಿಸಿ, ಹೊಸ ಡಿಸ್ಕಿನ ಮೇಲೆ ವಿಂಡೋಸ್ ಹಾಕಲಿ, ಹಳೆಯದನ್ನು ಮುಟ್ಟದೆ ವಾಪಸ್ ಕೊಡಬೇಕೆಂದು ಜಾಬ್ ಶೀಟಿನಲ್ಲಿ ಬರೆಸಿ. ಹಳೆಯ ಡಿಸ್ಕಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮದು ವಾರಂಟಿ ಮುಗಿದದ್ದಾದ್ದರಿಂದ ಇದು ಸುಲಭ. ವಾರಂಟಿಯಲ್ಲಿದ್ದರೆ ಕೆಟ್ಟ ಭಾಗವನ್ನು ಕಂಪನಿ ಇಟ್ಟುಕೊಳ್ಳುವುದೇ ಹೆಚ್ಚು. ಬ್ಯಾಂಕಿನ ಕಾಗದ ಡಿಲೀಟ್ ಮಾಡಿ ಕೊಟ್ಟರೆ ಸಾಕೆಂದುಕೊಳ್ಳಬೇಡಿ. ಈ ಬಗೆಯ ಡಿಸ್ಕಿನಲ್ಲಿ ಡಿಲೀಟ್ ಮಾಡಿದ್ದನ್ನು ಮತ್ತೆ ಎತ್ತುವುದು ಬಹಳ ಸಲ ಸುಲಭ.

ಲ್ಯಾಪ್‌ಟಾಪ್ ಆನೇ ಆಗದಿದ್ದರೆ ಅಥವಾ ವಿಂಡೋಸ್‌ವರೆಗೆ ತಲುಪದಿದ್ದರೆ ಹತ್ತು ಸಲ ಪ್ರಯತ್ನಿಸಬೇಡಿ. ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಿಸಬಹುದು. ಅಂಗಡಿಯವರಿಗೆ ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ಉಪಕರಣದ ಬಗ್ಗೆ ಕೇಳಿ. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿ ಮುಗಿಸಿ, ಕೆಟ್ಟವುಗಳಿಗೆ ಆಮೇಲೆ ಬರುತ್ತದೆ. ಸದ್ದು ಮಾತ್ರ ಬಂದು ಡಿಸ್ಕೇ ಕಾಣಿಸದಿದ್ದರೆ ಅದು ಡೇಟಾ ರಿಕವರಿ ಪ್ರಯೋಗಾಲಯದ ಕೆಲಸ, ಖರ್ಚು ಹೆಚ್ಚು. ಧೂಳಿಲ್ಲದ ಕೋಣೆಯಿಲ್ಲದೆ ಡಿಸ್ಕಿನ ಮುಚ್ಚಳ ತೆರೆಯಲು ಯಾರಿಗೂ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ಕೇಳಿಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮೂರಿನ ಗಾಳಿಯಲ್ಲಿ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ.

ಎಕ್ಸ್‌ಟರ್ನಲ್ ಡಿಸ್ಕನ್ನು ಆಮೇಲೆ ಲ್ಯಾಪ್‌ಟಾಪಿನ ಚೀಲದಲ್ಲೇ ಇಡಬೇಡಿ. ಇನ್ನೊಂದು ಡಿಸ್ಕಿಗೆ ಅದೇ ಪ್ರತಿ ಮಾಡಿ ಅಕ್ಕನ ಮನೆಯಲ್ಲಿಡಿ. ಮನೆಯಲ್ಲಿರುವುದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಎರಡು ಮೂರು ತಿಂಗಳಿಗೊಮ್ಮೆ ಚುಚ್ಚಿ ನೋಡಿ. ಆಟಿ ತಿಂಗಳ ಮಳೆಯಲ್ಲಿ ಕಪಾಟಿನೊಳಗಿನ ಸೀರೆಗೆ ಆಗುವುದು ಲೋಹದ ತುದಿಗಳಿಗೂ ಆಗುತ್ತದೆ.

ಕ್ಯಾಸೆಟ್ ಬಿಸಾಡಬೇಡಿ. ದಯವಿಟ್ಟು. ಎರರ್ ಬಂದ ಫೈಲುಗಳ ಪಟ್ಟಿ ಮಾಡಿ ಎಂದೆನಲ್ಲ, ಅದರಲ್ಲಿ ಆರು ಹೆಸರಿದ್ದರೆ ಆರು ಕ್ಯಾಸೆಟ್ ಮತ್ತೆ ಇಳಿಸಿದರೆ ಸಾಕು, 84 ಅಲ್ಲ. ಆದರೆ ಬೂಷ್ಟು ಹಿಡಿದದ್ದನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ, ಅದರ ಹೆಡ್‌ಗೆ ಮೆತ್ತಿ ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಬಿಳಿ ಪುಡಿ ಕಂಡವನ್ನು ಬೇರೆ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಹಾಕಿ, ನಿಲ್ಲಿಸಿ ಇಡಿ. ಟೇಪ್ ಸ್ವಚ್ಛ ಮಾಡಿ ಅನುಭವ ಇರುವವರ ಕೈಗೇ ಕೊಡಿ. ಒಂದೊಂದರ ಮೇಲೂ ಪ್ರಸಂಗದ ಹೆಸರು, ಊರು, ವರ್ಷ ನಿಮ್ಮ ತಂದೆಯವರ ಕೈಬರಹದಲ್ಲೇ ಇರುತ್ತದಲ್ಲ. ಆ ಚೀಟಿಗಳ ಫೋಟೊ ತೆಗೆದು ಆಯಾ ಫೋಲ್ಡರಿನೊಳಗೆ ಹಾಕಿಡಿ. ಅದು ಈಗ ಲ್ಯಾಪ್‌ಟಾಪಿನಲ್ಲೂ ಇಲ್ಲ.